ಶಂಕ್ರೆಪ್ಪನ ಸಲೂನಿನ ಅಮಾವಾಸ್ಯೆ ಸಿನಿಮಾ

ಅಮಾವಾಸ್ಯೆಯ ದಿನ ಕೂದಲು ತೆಗೆಸಬಾರದು ಎಂಬ ನೇಮವನ್ನು ಯಾರು ಮಾಡಿದರೋ ಗೊತ್ತಿಲ್ಲ, ಮಾಡಿದವರು ಕ್ಷೌರ ಮಾಡುವ ಹಡಪದರಂತೂ ಆಗಿರಲಿಕ್ಕಿಲ್ಲ. ಪುಣೆಗೆ ಬಂದ ನಮ್ಮ ಕಡೆಯ ಮಂದಿ ಊರಿನ ಎಷ್ಟೋ ನೇಮಗಳನ್ನು ಬಸ್ಸಿನಲ್ಲೇ ಬಿಟ್ಟು ಇಳಿದಿದ್ದಾರೆ. ಸೋಮವಾರ ಕೋಳಿ ತಿನ್ನುವವರಿದ್ದಾರೆ, ಶನಿವಾರ ಗಡ್ಡ ಬೋಳಿಸಿಕೊಳ್ಳುವವರಿದ್ದಾರೆ. ಅಮಾವಾಸ್ಯೆ ಬಂತೆಂದರೆ ಮಾತ್ರ ಎಂಥ ಗಂಡಸೂ ತಲೆ ಮುಟ್ಟಿಕೊಂಡು ನಾಳೆ ಬರುತ್ತೇನೆ ಅನ್ನುತ್ತಾನೆ. ಹೀಗಾಗಿ ಸ್ವಾರಗೇಟ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿರುವ ಶಂಕ್ರೆಪ್ಪ ಹಡಪದನ ಸಲೂನಿನಲ್ಲಿ ಅವತ್ತು ಕತ್ತರಿಗೆ ಕೆಲಸವಿಲ್ಲ. ಬೇರೆಯವನಾಗಿದ್ದರೆ ಬಾಗಿಲೆಳೆದುಕೊಂಡು ಮನೆಗೆ ಹೋಗಿ ಮಲಗುತ್ತಿದ್ದ. ಶಂಕ್ರೆಪ್ಪ ಅವತ್ತು ಕುರ್ಚಿಗಳನ್ನು ಒರೆಸಿ, ಊದುಬತ್ತಿ ಹಚ್ಚಿ, ಊಟದ ಹೊತ್ತಿಗೆ ಸರಿಯಾಗಿ ಹಳೆಯ ಭೂತದ ಸಿನಿಮಾ ಹಾಕುತ್ತಾನೆ.

ಕಟ್ಟಡದ ಗವಂಡಿ ಕೆಲಸದವರು, ವಾಚ್‌ಮನ್‌ಗಳು, ಬಸ್ಸಿಗೆ ಕಾಯುವವರು, ಹೀಗೆ ಅಂಗಡಿ ಹಿಡಿಸುವಷ್ಟು ಜನ ಸೇರುತ್ತಾರೆ. ಒಬ್ಬ ಚುರುಮುರಿ ತಂದರೆ ಇನ್ನೊಬ್ಬ ಉಳ್ಳಾಗಡ್ಡಿ ಹೆಚ್ಚುತ್ತಾನೆ. ಹಾಡಹಗಲು, ಹೊರಗೆ ಪಿಎಂಟಿ ಬಸ್ಸಿನ ಹಾರ್ನು, ಒಳಗೆ ಸತ್ತವಳೊಬ್ಬಳ ಗೆಜ್ಜೆ ಸಪ್ಪಳ. ಹೆದರಿಕೆ ಬರುತ್ತದೋ ಇಲ್ಲವೋ, ಚುರುಮುರಿಯ ರುಚಿಯಂತೂ ಹೆಚ್ಚುತ್ತದೆ.

ಆ ಅಂಗಡಿಯ ಕಟ್ಟೋಣದ ಬಗ್ಗೆ ಒಂದು ಮಾತು ಹೇಳಲೇಬೇಕು. ಅಂಗಡಿ ಎಂದರೆ ಅಗಲವಿಲ್ಲದ ಒಂದು ಓಣಿ. ಒಂದು ಗೋಡೆಗೆ ಉದ್ದಕ್ಕೂ ಕನ್ನಡಿ, ಅದರ ಮುಂದೆ ಕುರ್ಚಿ. ಎದುರು ಗೋಡೆಗೆ ಬೆಂಚು, ಬೆಂಚಿನ ಮೇಲೆ ಎತ್ತರದಲ್ಲಿ ಟಿವಿ. ಕುರ್ಚಿಯಲ್ಲಿ ಕೂತ ಗಿರಾಕಿಗೆ ಟಿವಿ ಕಾಣುವುದು ಕನ್ನಡಿಯಲ್ಲಿ. ಬೆಂಚಿನ ಮೇಲೆ ಕೂತವರಿಗೆ ಟಿವಿ ನೆತ್ತಿಯ ಮೇಲೆಯೇ ಇರುವುದರಿಂದ ಅವರೂ ಕತ್ತು ನೋಯಿಸಿಕೊಳ್ಳದೆ ಎದುರಿನ ಕನ್ನಡಿಯನ್ನೇ ನೋಡುತ್ತಾರೆ. ಶಂಕ್ರೆಪ್ಪನಂತೂ ದಿನವಿಡೀ ಕನ್ನಡಿಗೆ ಮುಖ ಮಾಡಿ ನಿಂತವನು. ಹೀಗೆ ಅಲ್ಲಿ ಎಲ್ಲ ಸಿನಿಮಾ, ಎಲ್ಲ ಕ್ರಿಕೆಟ್ಟು ಎಡಬಲ ಅದಲುಬದಲಾಗಿಯೇ ಕಾಣುವುದು. ಅಕ್ಷರ ತಿರುಗುಮುರುಗಾಗಿರುವುದರಿಂದ ಸಿನಿಮಾದ ಹೆಸರನ್ನು ಓದುವ ಗೋಜಿಗೂ ಯಾರೂ ಹೋಗುವುದಿಲ್ಲ. ಬೀಗದ ಸಿನಿಮಾ, ತೊಟ್ಟಿಲ ಸಿನಿಮಾ ಎಂದು ತಾವೇ ಹೆಸರಿಟ್ಟುಕೊಂಡಿದ್ದಾರೆ. ಸಿನಿಮಾಗಳು ಇರುವ ಪೆನ್‌ಡ್ರೈವಿನಲ್ಲೂ ಹೆಸರುಗಳಿಲ್ಲ, ಬರೀ ನಂಬರುಗಳು.

ಶಂಕ್ರೆಪ್ಪನಿಗೆ ಈ ಹುಚ್ಚು ಎಲ್ಲಿಂದ ಹತ್ತಿತು ಎಂದರೆ ಅದಕ್ಕೆ ಅವನ ಹುಟ್ಟೇ ಕಾರಣ. ಅಫಜಲಪುರದ ಕಡೆ, ಭೀಮಾ ದಂಡೆಯ ಹಳ್ಳಿ ಅವನದು. ಊರಲ್ಲಿ ಯಾರು ಸತ್ತರೂ ಅವನ ಅಪ್ಪನಿಗೆ ಕರೆ ಬರುತ್ತಿತ್ತು. ಹೊಳೆ ದಂಡೆಯಲ್ಲಿ ಸೂತಕದವರ ತಲೆ ಬೋಳಿಸುವಾಗ ಶಂಕ್ರೆಪ್ಪ ನೀರಿನ ತಂಬಿಗೆ ಹಿಡಿದು ನಿಲ್ಲುತ್ತಿದ್ದ. ಹೀಗಾಗಿ ಸತ್ತವರೆಂದರೆ ಅವನಿಗೆ ಪರಿಚಿತರು. "ಸತ್ತೋರು ಭಾಳ ಶಾಣ್ಯಾ ಇರ್ತಾರ್ರಿ. ಬ್ಲೇಡ್ ಎಳೀತು ಅಂತ ಬೈಯೂದಿಲ್ಲ," ಅನ್ನುತ್ತಾನೆ. ಮುಂದೆ ಸೋದರಮಾವ ಮಹಾಲಿಂಗನ ಅಂಗಡಿಗೆ ಶಿರೂರಿಗೆ ಕೆಲಸ ಕಲಿಯಲು ಬಂದ. ಪಕ್ಕದಲ್ಲಿ ಒಂದು ಟಾಕೀಸು. ಬಿಸಿಲ ಹೊತ್ತಿನಲ್ಲಿ ಅಲ್ಲಿ ಯಾರಿಗೂ ಬೇಡವಾದ ಹಳೆಯ ಭೂತದ ಸಿನಿಮಾ ಹಾಕುತ್ತಿದ್ದರು, ಫ್ಯಾನಿನ ಗಾಳಿಗೆಂದು ಬಂದವರು ನಿದ್ದೆ ಹೊಡೆಯುತ್ತಿದ್ದರು. ಎಚ್ಚರವಿರುತ್ತಿದ್ದವನು ಶಂಕ್ರೆಪ್ಪ ಒಬ್ಬನೇ. ಇಷ್ಟು ಕಷ್ಟಪಟ್ಟು ಹೆದರಿಸುತ್ತಿದ್ದಾರೆ, ಯಾರೂ ನೋಡುವವರಿಲ್ಲವಲ್ಲ ಎಂದು ಅವನಿಗೆ ಆ ಭೂತಗಳ ಮೇಲೆಯೇ ಕನಿಕರ ಹುಟ್ಟಿತು. ಆ ಕನಿಕರ ಇವತ್ತಿಗೂ ಹೋಗಿಲ್ಲ.

ಹೆಸರು ಮಾಡಿದ ಸಿನಿಮಾವನ್ನು ಅವನು ಯಾರಿಗೂ ನೋಡಿ ಅನ್ನುವುದಿಲ್ಲ. ಊಟ ಆದವನಿಗೆ ಯಾರಾದರೂ ಬಡಿಸುತ್ತಾರೆಯೇ? ಓಡದೆ ಹೋದವು, ಡಬ್ಬಿಯಲ್ಲಿ ಕೊಳೆತವು, ಯಾವನೋ ಪುಣ್ಯಾತ್ಮ ಎಲ್ಲಿಂದಲೋ ಹುಡುಕಿ ಕಂಪ್ಯೂಟರಿಗೆ ಏರಿಸಿದವು, ಇಂಥವೇ ಅವನಿಗೆ ಬೇಕು. ಗಿರಾಕಿಯ ತಲೆ ಹಿಡಿದು ಅತ್ತಿತ್ತ ತಿರುಗಿಸುತ್ತಲೇ ಈ ತಲೆಗೆ ಯಾವ ಭೂತ ಒಗ್ಗುತ್ತದೆ ಎಂದು ಅಳೆಯುತ್ತಾನೆ. ಮನೆ ಬಾಡಿಗೆ ಕೊಡುವವರಿಗೆ ಬೀಗದ ಸಿನಿಮಾ. ಮರಾಠಿಯದು. ಹಳೆಯ ವಾಡೆಯ ಒಂದು ಕೋಣೆಗೆ ಸದಾ ಬೀಗ. ಒಳಗಿನಿಂದ ಒಂದು ದನಿ. ಆ ದನಿ ಬಾಗಿಲು ತೆಗೆಯಿರಿ ಎನ್ನುವುದಿಲ್ಲ, ಬೀಗ ಸರಿಯಾಗಿ ಹಾಕಿದ್ದೀರಿ ತಾನೇ ಎಂದು ಕೇಳುತ್ತದೆ. ಹೊಸದಾಗಿ ಊರು ಬಿಟ್ಟು ಬಂದವರಿಗೆ ಟಿಕೀಟಿನ ಸಿನಿಮಾ. ಹಿಂದಿಯದು. ರೈಲು ನಿಲ್ಲದ ಸ್ಟೇಶನ್ನಿನ ಮಾಸ್ತರನ ಹತ್ತಿರ ಒಬ್ಬ ಮುದುಕ ದಿನಾ ಬಂದು ನೀರಲ್ಲಿ ಮುಳುಗಿಹೋದ ಊರಿಗೆ ಟಿಕೀಟು ಕೇಳುತ್ತಾನೆ. ಜಂಭದವರಿಗೆ ತೊಟ್ಟಿಲ ಸಿನಿಮಾ. ಅದರಲ್ಲಿ ಭೂತ ಒಮ್ಮೆಯೂ ಕಾಣುವುದಿಲ್ಲ, ತೊಟ್ಟಿಲು ತೂಗುತ್ತದೆ, ತಾಯಿ ಮಾತ್ರ ತಿರುಗಿ ನೋಡುವುದಿಲ್ಲ. ನೋಡಿ ಬಂದ ಜಂಭದವರು ಮುಂದಿನ ತಿಂಗಳು ಮೆತ್ತಗಾಗಿ ಕೂಡುತ್ತಾರೆ.

"ಬೆಚ್ಚಿಬೀಳಿಸೂದು ಬೆಕ್ಕಿಗೂ ಬರ್ತದ್ರಿ," ಇದು ಅವನ ಸಿದ್ಧಾಂತ. "ಕತ್ತಲದಾಗ ಒಂದು ಪಾತ್ರಿ ಕೆಡವಿದ್ರ ಆಯ್ತು. ಭೂತಕ್ಕ ಒಂದು ಕಾರಣ ಇರಬೇಕು. ಕಾರಣ ಇಲ್ಲದ ಭೂತ ಅಂದ್ರ ಬರೇ ಗದ್ದಲ."

ಮನೆಯಲ್ಲಿ ಮಾತ್ರ ಅವನ ಈ ವಿದ್ಯೆ ನಡೆಯುವುದಿಲ್ಲ. ಹೆಂಡತಿ ಅನುಸೂಯಾ ಖಡಾಖಂಡಿತ ಹೆಂಗಸು. ದೇವರ ಜಗಲಿ ಇರುವ ಮನೆಗೆ ದೆವ್ವ ತರಬೇಡ ಎಂದು ಮದುವೆಯಾದ ಹೊಸದರಲ್ಲೇ ಹೇಳಿಬಿಟ್ಟಿದ್ದಾಳೆ. ಹಾಗಾಗಿ ಅವನ ನೋಟವೆಲ್ಲ ಅಂಗಡಿಯಲ್ಲೇ, ಕನ್ನಡಿಯಲ್ಲೇ.

ಇವೆಲ್ಲವುಗಳಲ್ಲಿ ಅವನಿಗೆ ಪ್ರಾಣಕ್ಕಿಂತ ಹೆಚ್ಚಿನದು ಊಟದ ಸಿನಿಮಾ. ಅದು ಕಪ್ಪುಬಿಳುಪಿನ ಕನ್ನಡ ಸಿನಿಮಾ, ಹಾಡಿಲ್ಲ, ಕುಣಿತವಿಲ್ಲ, ಮಾತೂ ಕಡಿಮೆ. ಶುರುವಾಗುವುದೇ ಹೊಳೆಯಲ್ಲಿ ದೋಣಿ ಮುಳುಗಿದ ಮೇಲೆ. ಪಂಚಮಿಗೆ ತವರಿಗೆ ಹೋದ ಗಿರಣಿಯವನ ಹೆಂಡತಿ ತಿರುಗಿ ಬರುವಾಗ ನೀರುಪಾಲಾಗಿದ್ದಾಳೆ, ಹೆಣ ಸಿಕ್ಕಿಲ್ಲ. ಒಂದು ಸಂಜೆ ಅವಳೇ ನಡೆದುಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಇವಳು ಅವಳಲ್ಲ ಎಂದು ಊರೆಲ್ಲ ಗುಸುಗುಸು. ಗಿರಣಿಗೆ ಜೋಳ ತರುವವರು ನಿಲ್ಲುತ್ತಾರೆ, ಬೆಂಕಿ ಕೊಡುವವರೂ ಇಲ್ಲ. ಗಂಡ ಮಾತ್ರ ಇವಳು ನನ್ನ ಹೆಂಡತಿ ಅನ್ನುತ್ತಾನೆ. ಕಡೆಗೆ ಒಂದು ದಿನ ಅವಳು ಅವನಿಗೆ ಊಟಕ್ಕೆ ನೀಡುತ್ತಾಳೆ. ಅವನು ಅವಳ ಕೈ ನೋಡುತ್ತಾನೆ, ಮುಖ ನೋಡುತ್ತಾನೆ, ಸಣ್ಣಗೆ ನಕ್ಕು ತುತ್ತು ಎತ್ತುತ್ತಾನೆ. ಮರುದಿನ ಊರವರು ಬಾಗಿಲು ಮುರಿದು ನೋಡಿದರೆ ಒಳಗೆ ಯಾರೂ ಇಲ್ಲ. ತೊಳೆದು ಬೋರಲು ಹಾಕಿದ ಜೋಡಿ ತಾಟು, ಅಷ್ಟೇ. ಸಿನಿಮಾ ಮುಗಿಯಿತು.

ಇದರ ಅರ್ಥದ ಬಗ್ಗೆ ಸಲೂನಿನಲ್ಲಿ ಎಂದೂ ಜಗಳವಾಗಲಿಲ್ಲ. ಆಕೆ ಬದುಕಿಯೇ ಬಂದಿದ್ದಾಳೆ, ಎಂಥ ಲಕ್ಷಣವಂತೆ, ಸುಮ್ಮನೆ ಊರ ಮಂದಿ ಕಾಡಿದರು, ಗಂಡಹೆಂಡತಿ ಬೇಸತ್ತು ಗಂಟುಮೂಟೆ ಕಟ್ಟಿದರು. "ದುಡ್ಯಾಕ ಹೋಗ್ಯಾರ. ಪುಣೆಕ್ಕೇ ಬಂದಿರಬೇಕು," ಎಂದಿದ್ದ ಗವಂಡಿ ಭೀಮು, ಮೊದಲ ಸಲ ನೋಡಿದಾಗಲೇ. ಎಲ್ಲರೂ ತಲೆಯಾಡಿಸಿದ್ದರು. ತಾಟು ತೊಳೆದು ಬೋರಲು ಹಾಕಿ, ಹಿತ್ತಲ ಬಾಗಿಲಿನಿಂದ ಹೊರಟು, ಸ್ವಾರಗೇಟಿಗೆ ಬಂದಿಳಿಯದವರು ಆ ಬೆಂಚಿನ ಮೇಲೆ ಯಾರಿದ್ದರು? ಖಾಲಿ ಮನೆ ಕಂಡರೆ ಅವರಿಗೆ ಹೊಳೆಯುವುದು ಅದೊಂದೇ ಕಾರಣ. ಹೀಗಾಗಿ ಒಳ್ಳೆಯದರಲ್ಲಿ ಮುಗಿಯುವ ಏಕೈಕ ಭೂತದ ಸಿನಿಮಾ ಎಂದು ಶಂಕ್ರೆಪ್ಪ ಅದನ್ನು ಮನಸ್ಸು ಕುಗ್ಗಿದವರಿಗೆಲ್ಲ ಹೇಳುತ್ತಾ ಬಂದ. ಭೀಮುವಿನಂಥವರು ಫೋನಿಗೂ ಹಾಕಿಸಿಕೊಂಡು ಹೋದರು.

ದಿಗಂಬರರಾಯರಿಗೂ ಅವನು ಅದನ್ನೇ ಹೇಳಿದ. ಇಲ್ಲಿಂದ ಶಂಕ್ರೆಪ್ಪನ ಸಂಕಟ ಶುರು.

ದಿಗಂಬರರಾಯರು ಧಾರವಾಡದವರು. ನೌಕರಿಯ ಮೇಲೆ ಪುಣೆಗೆ ಬಂದು, ಸಹಕಾರನಗರದಲ್ಲಿ ಮನೆ ಮಾಡಿ, ಈಗ ನಿವೃತ್ತರಾಗಿದ್ದಾರೆ. ಶಂಕ್ರೆಪ್ಪ ಸ್ವಾರಗೇಟಿನಲ್ಲಿ ಅಂಗಡಿ ತೆರೆದ ಕಾಲದಿಂದ ಅವರ ತಲೆ ಅವನ ಕೈಯಲ್ಲೇ. ಹೊರಗೆ ಮರಾಠಿ ಮಾತಾಡಿ ಸಾಕಾಗಿ, ಕನ್ನಡ ಮಾತಾಡುವ ಚಟಕ್ಕೆ ಕೂದಲು ಬೆಳೆಯುವ ಮೊದಲೇ ಬರುತ್ತಿದ್ದ ಮನುಷ್ಯ. ಹೋದ ವರ್ಷ ಹೆಂಡತಿ ಶಾಮಲಾಬಾಯಿ ತೀರಿಕೊಂಡರು. ಅಂದಿನಿಂದ ರಾಯರು ಹೊಸ್ತಿಲು ದಾಟಲಿಲ್ಲ. ಶಂಕ್ರೆಪ್ಪನೇ ಚೀಲ ಹಿಡಿದು ಮನೆಗೆ ಹೋಗಿ ಗಡ್ಡ ಮಾಡಿ ಬರುತ್ತಿದ್ದ.

ಮಗಳು ಹರ್ಷದಾ ಅಪ್ಪನ ಜೊತೆಯಲ್ಲೇ ಇರುವವಳು, ಗಟ್ಟಿ ಹುಡುಗಿ. ಒಂದು ದಿನ ಅವಳು ಶಂಕ್ರೆಪ್ಪನನ್ನು ಗೇಟಿನವರೆಗೆ ಕಳಿಸಲು ಬಂದಳು.

"ಶಂಕ್ರೆಪ್ಪಕಾಕಾ, ಅಪ್ಪ ಊಟಾನ ಬಿಟ್ಟಾರ್ರಿ," ಅಂದಳು. "ಎರಡು ತಾಟು ಹಾಕಸ್ತಾರ. ತಮ್ಮ ತಾಟು ಮುಂದ ಇಟಗೊಂಡು ಸುಮ್ಮನ ಕೂಡತಾರ. ಎರಡು ತುತ್ತು, ಮುಗೀತು. ಡಾಕ್ಟರ್ ಹೆದರಿಸ್ಯಾರ. ನಿನ್ನೆ ಏನಂದ್ರು ಗೊತ್ತದ ಏನ್ರಿ? ಶಾಮಲಾ ಕರೀಲಿಕತ್ತಾಳ ಅಂದ್ರು."

ಹೇಳುವಾಗ ಅವಳ ದನಿ ಒಡೆಯಿತು. ರಾಯರು ಶಂಕ್ರೆಪ್ಪನಿಗೆ ಬರೀ ಗಿರಾಕಿಯಲ್ಲ. ಈ ದೊಡ್ಡ ಊರಿನಲ್ಲಿ ಅವನ ಹರಟೆಯನ್ನು ಪೂರ್ತಿ ಕೇಳಿದವರು ಅವರೊಬ್ಬರೇ. ಅವರು ಹೋಗಿಬಿಟ್ಟರೆ ತಾನು ಯಾರ ಜೊತೆ ಮಾತಾಡಲಿ ಎಂಬ ಸ್ವಾರ್ಥವೂ ಅವನ ದುಃಖದಲ್ಲಿತ್ತು.

ಮುಂದಿನ ವಾರ ಗಡ್ಡಕ್ಕೆ ಸಾಬೂನು ಹಚ್ಚಿದವನೇ ಅವನು ಊಟದ ಸಿನಿಮಾದ ಕಥೆ ತೆಗೆದ. ಬ್ಲೇಡಿನ ಕೆಳಗಿದ್ದವರು ಬಾಯಿ ತೆರೆಯುವಂತಿಲ್ಲ, ಹಾಗಾಗಿ ಇಡೀ ಕಥೆಯನ್ನು ಅಡೆತಡೆಯಿಲ್ಲದೆ ಹೇಳಿದ. ಊರೆಲ್ಲ ಸತ್ತಳು ಅಂದರೂ ಗಂಡ ಹೇಗೆ ನಂಬಿದ, ನಂಬಿದ್ದಕ್ಕೆ ಕಡೆಗೆ ಹೇಗೆ ಉಂಡ, ಎಲ್ಲವನ್ನೂ. ಮುಖ ಒರೆಸಿದ ಮೇಲೆ ರಾಯರು, "ಕೊಟ್ಟು ಹೋಗಪಾ, ನೋಡೋಣು," ಅಂದರು. ತಿಂಗಳುಗಳ ನಂತರ ಅವರು ಏನನ್ನಾದರೂ ಬೇಕು ಅಂದದ್ದು ಅದೇ ಮೊದಲು. ಶಂಕ್ರೆಪ್ಪ ಪೆನ್‌ಡ್ರೈವನ್ನು ಹರ್ಷದಾಳ ಕೈಗಿಟ್ಟು, ನಂಬರು ಹೇಳಿ, ಗೆದ್ದವನಂತೆ ನಡೆದುಕೊಂಡು ಅಂಗಡಿಗೆ ಬಂದ.

ಆ ಗೆಲುವು ಮರುದಿನದ ಊಟದ ಹೊತ್ತಿನವರೆಗೂ ಉಳಿಯಲಿಲ್ಲ. ವಾಚ್‌ಮನ್ ಗುರಣ್ಣನನ್ನು ಕುರ್ಚಿಯಲ್ಲಿ ಕೂಡಿಸಿ ಒಂದು ಕೆನ್ನೆ ಬೋಳಿಸಿ ಮುಗಿಸಿದ್ದ, ಅಷ್ಟರಲ್ಲಿ ಭೀಮು ಫೋನು ಹಿಡಿದುಕೊಂಡು ಒಳಗೆ ಬಂದ. ಸಿಮೆಂಟು ಮೆತ್ತಿದ ಮುಖ, ಹೆದರಿದ ಕಣ್ಣು.

"ಶಂಕ್ರೆಪ್ಪಣ್ಣ, ಊಟದ ಸಿನಿಮಾ ನಮ್ಮ ಮನಿಯಾಕಿ ಅಂಬಾಬಾಯಿಗೆ ತೋರಿಸಿದೆ," ಅಂದ. "ಆಕಿ ನನಗೇ ಬೈದಳು. ಸತ್ತ ಹೆಂಗಸಿನ ಸಿನಿಮಾ ತೋರಿಸಿ ಬದುಕ್ಯಾಳಂತ ಹೇಳ್ತೀಯೇನು, ಕಣ್ಣು ಕಳಕೊಂಡೀಯೇನು ಅಂತ."

"ಅಂಬಾಬಾಯಿಗೆ ಏನು ತಿಳೀತದ?"

"ಆಕಿಗೇ ತಿಳದದ. ಇಲ್ಲಿ ನೋಡು."

ಭೀಮು ಫೋನು ಮುಂದೆ ಹಿಡಿದ. ಗಿರಣಿಯವನ ಹೆಂಡತಿ ಗಂಡನಿಗೆ ಅನ್ನ ನೀಡುತ್ತಿದ್ದಳು. ಸೌಟು ಹಿಡಿದದ್ದು ಎಡಗೈಯಲ್ಲಿ. ಶಂಕ್ರೆಪ್ಪ ಕಣ್ಣುಜ್ಜಿಕೊಂಡ. ಫೋನು ಕಸಿದು ಕನ್ನಡಿಯ ಕಡೆ ತಿರುಗಿಸಿ ಹಿಡಿದ. ಕನ್ನಡಿಯೊಳಗೆ ಅವಳು ಬಲಗೈಯಿಂದ ನೀಡುತ್ತಿದ್ದಳು, ಅವನು ಇಷ್ಟು ವರ್ಷ ಕಂಡ ಹಾಗೆಯೇ. ಮತ್ತೆ ತನ್ನ ಕಡೆ ತಿರುಗಿಸಿದ. ಎಡಗೈ. ಮುಂಚಿನದನ್ನೆಲ್ಲ ಹಿಂದೆ ಓಡಿಸಿ ನೋಡಿದ. ದೀಪ ಹಚ್ಚುವುದು ಎಡಗೈ, ರಂಗೋಲಿ ಎಡಗೈ, ಕುಂಕುಮ ಎಡಗೈ. ಸಿನಿಮಾದ ಬೇರೆ ಯಾರೂ ಹಾಗಿಲ್ಲ. ಒಂದು ಮಾತೂ ಆಡದೆ ಸಿನಿಮಾದವರು ಗುರುತು ಇಟ್ಟಿದ್ದರು, ಈಕೆ ಈ ಲೋಕದವಳಲ್ಲ, ಎಲ್ಲ ಉಲ್ಟಾ ಮಾಡುವವಳು ಎಂದು. ಸಲೂನಿನ ಕನ್ನಡಿಯಲ್ಲಿ ಊರವರೆಲ್ಲ ರೂಢಿಯಂತೆ ಎಡಚರಾಗಿ, ಆ ಒಬ್ಬಳೇ ನೆಟ್ಟಗೆ ಬಲಗೈ ಬಳಸುವ ಲಕ್ಷಣವಂತೆಯಾಗಿ ಕಂಡಿದ್ದಳು.

ಶಂಕ್ರೆಪ್ಪ ಫೋನನ್ನು ಭೀಮುವಿನ ಕೈಗೆ ತಿರುಗಿ ಕೊಟ್ಟ. ಹಾಗಿದ್ದರೆ ಗಂಡ ಆ ಕೈ ನೋಡಿದ್ದು, ನಕ್ಕಿದ್ದು? ಸತ್ತವಳೆಂದು ತಿಳಿದೂ ಉಂಡಿದ್ದ. ಖಾಲಿ ಮನೆ? ದುಡಿಯಲು ಹೋದದ್ದಲ್ಲ. ಅವಳು ಕರೆದುಕೊಂಡು ಹೋದದ್ದು. ಹೆಂಡತಿ ಕರೆಯುತ್ತಿದ್ದಾಳೆ ಎಂದು ಕೂತ ಮುದುಕನ ಕೈಗೆ, ಹೋಗು ಎನ್ನುವ ಸಿನಿಮಾವನ್ನು ಅವನು ತಾನಾಗಿ ಇಟ್ಟು ಬಂದಿದ್ದ. ಕೊಟ್ಟು ಕೆಟ್ಟೆ ಅನ್ನುತ್ತಾರಲ್ಲ, ಹಾಗಾಯಿತು.

ಹರ್ಷದಾಳಿಗೆ ಫೋನು ಹಚ್ಚಿದರೆ ಎತ್ತಲಿಲ್ಲ. ಮತ್ತೆ ಹಚ್ಚಿದ, ಎತ್ತಲಿಲ್ಲ. ಶಂಕ್ರೆಪ್ಪ ಕೈಯಲ್ಲಿದ್ದ ಟವೆಲನ್ನು ಭೀಮುವಿನ ಹೆಗಲಿಗೆ ಎಸೆದು ಹೊರಟ.

"ಲೇ, ನನ್ನ ಇನ್ನೊಂದು ಗಲ್ಲ?" ಎಂದು ಗುರಣ್ಣ ಕುರ್ಚಿಯಿಂದ ಕೂಗಿದ.

"ಅದು ಎಲ್ಲಿಗೂ ಹೋಗೂದಿಲ್ಲ," ಎಂದ ಶಂಕ್ರೆಪ್ಪ ಆಗಲೇ ಗಲ್ಲಿಯ ತುದಿಯಲ್ಲಿದ್ದ.

ಸಿಕ್ಕ ರಿಕ್ಷಾ ಹತ್ತಿದ. ಸ್ವಾರಗೇಟಿನ ಚೌಕದಲ್ಲಿ ಗಾಡಿಗಳು ಎಂದಿನಂತೆ ಒಂದರ ಬೆನ್ನಿಗೊಂದು ಅಂಟಿಕೊಂಡು ನಿಂತಿದ್ದವು. ರಿಕ್ಷಾದವನು ಆರಾಮಾಗಿ ತಂಬಾಕು ತಿಕ್ಕತೊಡಗಿದ. ಶಂಕ್ರೆಪ್ಪನಿಗೆ ತಡೆಯಲಾಗಲಿಲ್ಲ, "ದಾದಾ, ಚಲಾ ನಾ," ಎಂದು ಅಂಗಲಾಚಿದ. ಚೌಕ ದಾಟಿ ಪರ್ವತಿಯ ಗುಡ್ಡ ಕಂಡಾಗ, ಜೀವಮಾನದಲ್ಲಿ ಮೊದಲ ಬಾರಿ ಅವನಿಗೆ ಸತ್ತವರ ಬಗ್ಗೆ ಹೆದರಿಕೆಯಾಯಿತು. ಶಾಮಲಾಬಾಯೀ, ಅವರನ್ನ ಇನ್ನೊಂದಿಷ್ಟು ದಿನ ಇಲ್ಲೇ ಬಿಡ್ರಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಸಿನಿಮಾ ನೋಡದಿದ್ದರೆ ಸಾಕು, ಟಿವಿ ಕೆಟ್ಟಿದ್ದರೆ ಸಾಕು, ಲೈಟು ಹೋಗಿದ್ದರೆ ಸಾಕು ಎಂದು ಹರಕೆಯ ಮೇಲೆ ಹರಕೆ ಹೊತ್ತ.

ಲೈಟು ಹೋಗಿರಲಿಲ್ಲ. ರಾಯರ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಟಿವಿಯ ಮೇಲೆ ಊಟದ ಸಿನಿಮಾದ ಕಡೆಯ ಚಿತ್ರ ನಿಂತಿತ್ತು, ಬೋರಲು ಹಾಕಿದ ಜೋಡಿ ತಾಟು. ಎದುರಿನ ಊಟದ ಟೇಬಲ್ಲಿನ ಮೇಲೆ ನಿಜವಾದ ಎರಡು ತಾಟು. ಒಂದರ ಮುಂದೆ ದಿಗಂಬರರಾಯರು ಕೂತಿದ್ದರು. ಕಣ್ಣು ಒದ್ದೆಯಾಗಿತ್ತು. ಹರ್ಷದಾ ಅಡಿಗೆಮನೆಯಿಂದ ಅನ್ನದ ಪಾತ್ರೆ ಹಿಡಿದು ಬರುತ್ತಿದ್ದಳು.

"ಬಾರಪಾ ಶಂಕ್ರೆಪ್ಪಾ," ಅಂದರು ರಾಯರು. "ಈಗ ನಿನ್ನ ಸಿನಿಮಾ ನೋಡಿ ಮುಗಿಸಿದೆ."

ಶಂಕ್ರೆಪ್ಪ ಒಳಗೂ ಬರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ಒಂದೇ ಉಸಿರಿಗೆ ಎಲ್ಲ ಒಪ್ಪಿಸಿದ.

"ತಪ್ಪಾಗ್ಯಾದ್ರಿ ರಾಯರ. ನಾ ಹೇಳಿದ ಕಥಿ ಸುಳ್ಳು. ನಮ್ಮ ಅಂಗಡ್ಯಾಗ ಕನ್ನಡ್ಯಾಗ ನೋಡ್ತೀವಿ, ಆಕಿ ಬಲಗೈಲೆ ನೀಡಿದಂಗ ಕಾಣ್ತಿತ್ತು. ಆಕಿ ಎಡಗೈಲೆ ನೀಡ್ಯಾಳ್ರಿ. ಆಕಿ ಸತ್ತಾಕಿ. ನೀವು ಅದನ್ನ ಮನಸಿಗೆ ಹಚಗೋಬ್ಯಾಡ್ರಿ."

ರಾಯರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡ ಶಂಕ್ರೆಪ್ಪ. ಅಳುತ್ತಿರಲಿಲ್ಲ, ನಗುತ್ತಿದ್ದರು.

"ಎಡಗೈಲೆ ಬಡಿಸಿದ್ರ ಸತ್ತಾಕಿ ಅಂತೀಯೇನು?" ಅಂದರು. "ಹಂಗಾದ್ರ ನಾ ಜೀವನಪೂರ್ತಿ ಭೂತದ ಜೋಡಿ ಸಂಸಾರ ಮಾಡೇನಿ ನೋಡು."

ಶಂಕ್ರೆಪ್ಪನಿಗೆ ಅರ್ಥವಾಗಲಿಲ್ಲ.

"ನಮ್ಮ ಶಾಮಲಾ ಎಡಚಿ ಇದ್ಲೋ. ಮದುವಿ ಆಗಿ ಬಂದ ಹೊಸದಾಗ ನಮ್ಮವ್ವ ಎಡಗೈ ಮ್ಯಾಲ ಸೌಟಿನಿಂದ ಹೊಡದು ಬಲಗೈ ರೂಢಿ ಮಾಡಸಿದ್ಲು. ಮಂದಿ ಮುಂದ ಬಲಗೈಲೆ ಬಡಸ್ತಿದ್ಲು. ನಾನೊಬ್ಬಾಂವ ಊಟಕ್ಕ ಕೂತಾಗ ಮಾತ್ರ ಎಡಗೈಲೆ. ನಾನ ಹೇಳಿದ್ದೆ, ನನ್ನ ಮುಂದರ ನಿನ್ನ ಕೈ ನಿನ್ನ ಮಾತು ಕೇಳಲಿ ಅಂತ. ಅದು ನಮ್ಮಿಬ್ಬರದ ಗುಟ್ಟು. ಆಮ್ಯಾಲ ನಮ್ಮವ್ವ ಹೋದ್ಲು, ಗುಟ್ಟು ಮಾಡೂದೇನೂ ಉಳೀಲಿಲ್ಲ, ಆದ್ರೂ ಹಂಗ ಉಳೀತು."

ಹರ್ಷದಾ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದಳು. ಅಮ್ಮ ಕಾಯಿಪಲ್ಲೆ ಹೆಚ್ಚುವುದು ಎಡಗೈಯಲ್ಲಿ ಎಂಬುದು ಅವಳಿಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ.

ರಾಯರು ಟಿವಿಯ ಕಡೆ ಕೈ ಮಾಡಿದರು. "ಆಕಿ ಆ ಕೈಲೆ ಅನ್ನ ಹಾಕಿದ್ದು ನೋಡಿದ ಮ್ಯಾಲ ನನಗ ತಿಳೀತಪಾ, ನನಗ ಊಟ ಯಾಕ ಹೋಗವಲ್ದು ಅಂತ. ಅನ್ನ ತಾಟಿನ ಆ ಬಾಜೂದಿಂದ ಬೀಳಬೇಕು. ಇವರೆಲ್ಲಾ ಈ ಬಾಜೂದಿಂದ ಹಾಕತಾರ. ಯಾರದೋ ತಾಟಿನ ಮುಂದ ಕೂತಂಗ ಆಗತದ. ಏನು ತಪ್ಪೇದ ಅಂತ ನನಗೂ ಇಷ್ಟು ದಿನ ಹೊಳದಿರಲಿಲ್ಲ."

"ಮತ್ತ ಅವರು ಹೋದರಲ್ರಿ, ಮನಿ ಖಾಲಿ ಮಾಡಿ," ಅಂದ ಶಂಕ್ರೆಪ್ಪ. ಅವನ ಹೆದರಿಕೆ ಇನ್ನೂ ಪೂರ್ತಿ ಇಳಿದಿರಲಿಲ್ಲ. "ಅದು ನಿಮಗ..."

"ಅವರು ಎಲ್ಲೆರೆ ಹೋಗಲಿ. ನನಗ ಗಡಿಬಿಡಿ ಇಲ್ಲ," ಅಂದರು ರಾಯರು. ದನಿ ಮೆತ್ತಗಾಗಿತ್ತು, ಆದರೆ ಅದರಲ್ಲಿ ಅಳು ಇರಲಿಲ್ಲ. "ಶಾಮಲಾ ಸತ್ತಾಳ. ತಿರುಗಿ ಬರೂದಿಲ್ಲ. ಅಷ್ಟು ತಿಳೀತದ ನನಗ. ಆಕಿ ಕರೀಲಿಕತ್ತಾಳ ಅಂತ ಹುಡುಗಿ ಮುಂದ ಅಂದಿದ್ದೆ, ಅನ್ನಬಾರದಿತ್ತು. ಕರದ್ರ ಊಟಕ್ಕ ಕರೀತಾಳ ಆಕಿ, ಮತ್ಯಾತಕ್ಕ ಕರೀತಾಳ? ಹೊತ್ತಾತು, ಕೈ ತೊಳಕೊಂಡು ಬರ್ರಿ ಅಂತ."

ಹರ್ಷದಾ ಪಾತ್ರೆಯನ್ನು ಟೇಬಲ್ಲಿನ ಮೇಲಿಟ್ಟು, ಅಪ್ಪನ ಇನ್ನೊಂದು ಬದಿಗೆ ಸುತ್ತಿ ಬಂದು ನಿಂತಳು. ಸೌಟನ್ನು ಎಡಗೈಗೆ ತೆಗೆದುಕೊಂಡಳು. ರೂಢಿಯಿಲ್ಲದ ಕೈ ತಪ್ಪಿ ಅರ್ಧ ಅನ್ನ ಟೇಬಲ್ಲಿನ ಮೇಲೆ ಬಿತ್ತು, ಸಾರು ಹಾಕುವಾಗ ರಾಯರ ಧೋತರಕ್ಕೂ ಒಂದಿಷ್ಟು ಚೆಲ್ಲಿತು. ಚಿಕ್ಕಂದಿನಲ್ಲಿ ಹೀಗೆ ಎಡಗೈಯಿಂದ ಬಡಿಸಿ ಬೆನ್ನಿಗೆ ಗುದ್ದು ತಿಂದವನು ಶಂಕ್ರೆಪ್ಪ.

ರಾಯರು ತಾಟನ್ನು ಹತ್ತಿರ ಎಳೆದುಕೊಂಡರು. ಅನ್ನ ಕಲಸಿದರು, ತುತ್ತು ಎತ್ತಿದರು, ನುಂಗಿದರು. ಇನ್ನೊಂದು ತುತ್ತು. ಆಮೇಲೆ ಮತ್ತೊಂದು. ಯಾರ ಕಡೆಗೂ ನೋಡದೆ, ಹಸಿದವರು ಉಣ್ಣುವ ಹಾಗೆ ಉಂಡರು. ತಾಟಿನಲ್ಲಿ ಅನ್ನ ಮುಗಿಯುತ್ತ ಬಂದಾಗ ತಲೆಯೆತ್ತದೆಯೇ, "ಇನ್ನೊಂದಿಷ್ಟು ಹಾಕವಾ," ಅಂದರು. ಹರ್ಷದಾ ಅಳುತ್ತಲೇ ಹಾಕಿದಳು, ಈ ಸಲ ಕಡಿಮೆ ಚೆಲ್ಲಿತು.

ಆಮೇಲೆ ರಾಯರು ಬದಿಯ ಕುರ್ಚಿಯನ್ನು ಕಾಲಿನಿಂದಲೇ ಹಿಂದೆ ಸರಿಸಿ, ಖಾಲಿ ಇದ್ದ ಇನ್ನೊಂದು ತಾಟನ್ನು ಶಂಕ್ರೆಪ್ಪನ ಕಡೆ ದೂಡಿದರು.

"ಕೂಡು. ಎಷ್ಟು ದಿನಾ ಅಂತ ಅದು ಖಾಲಿ ಇರಬೇಕು?"

ಶಂಕ್ರೆಪ್ಪ ಆ ಮನೆಯಲ್ಲಿ ಎಷ್ಟೋ ಸಲ ಚಹಾ ಕುಡಿದಿದ್ದ, ಊಟಕ್ಕೆ ಕೂತಿರಲಿಲ್ಲ. ಶಾಮಲಾಬಾಯಿಯ ತಾಟು ಅದು. ಕೈ ತೊಳೆದು ಬಂದು ಕೂತ. ಹರ್ಷದಾ ಅವನಿಗೆ ಬಡಿಸಲೆಂದು ಸೌಟನ್ನು ಬಲಗೈಗೆ ಬದಲಾಯಿಸಿಕೊಂಡಳು.

"ಬ್ಯಾಡವಾ," ಅಂದ ಶಂಕ್ರೆಪ್ಪ, ತಾಟನ್ನು ಮುಂದೆ ಹಿಡಿದು. "ನನಗೂ ಅದ ಕೈಲೆ ನೀಡು."